ಬಾಂಬ್ ಇದ್ದರೆ ಸಾಕೇ?

ಹನುಮಂತನಗರದ ರಾಮಾಂಜನೇಯ ಗುಡ್ಡದಲ್ಲಿ ಸಂಜೆ ವಾಕಿಂಗಿನವರ ವಾದ: "ನಮ್ಮ ತುಮಕೂರು ಕಡೆಯ ವಿಜ್ಞಾನಿ ರಾಜಾ ರಾಮಣ್ಣನವರು 1974ರಲ್ಲೇ ಪೋಖ್ರಾನ್‌ನಲ್ಲಿ ಅಣುಬಾಂಬ್ ಸಿಡಿಸಿ ತೋರಿಸಿದ್ರಲ್ಲ ಸ್ವಾಮಿ, ಇನ್ನೂ ಯಾಕೆ ಖರ್ಚು?"

ಆದರೆ ಅಣ್ವಸ್ತ್ರವನ್ನು ನಾವಾಗಿ ಮೊದಲು ಬಳಸುವುದಿಲ್ಲ ಎಂದು 2003ರಲ್ಲಿ ಅಧಿಕೃತವಾಗಿ ಸಾರಿದ ದೇಶ ನಮ್ಮದು. ಅಂದಮೇಲೆ ಮೊದಲ ಪೆಟ್ಟು ತಿಂದೂ ಉಳಿದು ತಿರುಗೇಟು ಕೊಡುವಂಥದ್ದೊಂದು ಕೈಯಲ್ಲಿರಬೇಕು. ಅದಕ್ಕೇ ಸಮುದ್ರದಡಿ ಅಡಗುವ ಜಲಾಂತರ್ಗಾಮಿ ಅರಿಹಂತ್, 2024ರ ಆಗಸ್ಟ್‌ನಲ್ಲಿ ಅದರ ಜೊತೆಗೂಡಿದ ಅರಿಘಾತ್. ಅದೇ ವರ್ಷದ ಮಾರ್ಚ್‌ನಲ್ಲಿ ಹಲವು ಸಿಡಿತಲೆಗಳನ್ನು ಬೇರೆ ಬೇರೆ ಗುರಿಗೆ ಕಳಿಸಬಲ್ಲ ಅಗ್ನಿ-5 ಕ್ಷಿಪಣಿಯ ಪರೀಕ್ಷೆಯೂ ಆಯಿತು. ಬಾಂಬುಗಳ ಲೆಕ್ಕ ಏರಿಸುವ ಚಟಕ್ಕೆ ನನ್ನ ಓಟಿಲ್ಲ. ಜಲಾಂತರ್ಗಾಮಿಗೆ ಸುರಿದ ದುಡ್ಡನ್ನು ಮಾತ್ರ ದಂಡ ಅನ್ನಲಾರೆ.