ನಾಗಮಂಗಲ ಸೀಮೆಯಿಂದ ಜಾನಪದ ಲೋಕಕ್ಕೆ

ಹೊಣಕೆರೆ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಒಂದು ಹೋಬಳಿ. ಮಂಡ್ಯ ಎಂದೊಡನೆ ಕಣ್ಣ ಮುಂದೆ ಬರುವ ನಾಲೆ, ಗದ್ದೆ, ಕಬ್ಬಿನ ಚಿತ್ರ ಈ ಸೀಮೆಗೆ ಅಷ್ಟಾಗಿ ಹೊಂದದು. ಇದು ಬಹುಮಟ್ಟಿಗೆ ಮಳೆಯನ್ನೇ ನಂಬಿದ ರಾಗಿ, ಹುರುಳಿಯ ನೆಲ. ಇಂಥ ಊರುಗಳ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿ ನೋಡಿದರೆ ಅಳಿಗುಳಿಮಣೆ, ಬುಗುರಿ, ಮಗು ನಡಿಗೆ ಕಲಿತ ಮೂರುಗಾಲಿಯ ಬಂಡಿ, ಸೇರು, ಕೊಳಗ ಇವುಗಳಲ್ಲಿ ಒಂದೆರಡಾದರೂ ಧೂಳು ಹಿಡಿದು ಕುಳಿತಿರುತ್ತವೆ. ಮನೆ ಕೆಡವಿ ತಾರಸಿ ಹಾಕಿಸುವಾಗ ಅವು ಸೌದೆಗೋ ಗುಜರಿಗೋ ಸೇರುತ್ತವೆ.

ಹೀಗೆ ಕಳೆದುಹೋಗುವ ವಸ್ತುಗಳ ಬೆಲೆಯನ್ನು ಮೊದಲೇ ಅರಿತ ಇಬ್ಬರು ಇದೇ ತಾಲ್ಲೂಕಿನವರು ಎಂಬುದು ಗಮನಾರ್ಹ. ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಒಬ್ಬರು, ಅಂಬಲಜೀರಹಳ್ಳಿಯಲ್ಲಿ 1933ರಲ್ಲಿ ಹುಟ್ಟಿದ ಜೀ.ಶಂ. ಪರಮಶಿವಯ್ಯನವರು ಇನ್ನೊಬ್ಬರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯವನ್ನು ಬೆಳೆಸಲು ದುಡಿದವರಲ್ಲಿ ಜೀಶಂಪ ಪ್ರಮುಖರು. ಐಎಎಸ್ ಅಧಿಕಾರಿಯಾಗಿದ್ದ ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ರಾಮನಗರದ ಬಳಿ ಸುಮಾರು 15 ಎಕರೆ ಜಾಗದಲ್ಲಿ ಅವರು ಕಟ್ಟಿದ ‘ಜಾನಪದ ಲೋಕ’ 1994ರಲ್ಲಿ ಉದ್ಘಾಟನೆಗೊಂಡಿತು. 2005ರಲ್ಲಿ ತೀರಿಕೊಳ್ಳುವ ತನಕ ಅದು ಅವರ ಮನೆ, ಮನಸ್ಸು ಎರಡೂ ಆಗಿತ್ತು.

ನಾಗಮಂಗಲದ ಕಡೆಯಿಂದ ಹೊರಟವರು ಮಂಡ್ಯ, ಮದ್ದೂರು, ಚನ್ನಪಟ್ಟಣ ದಾಟಿ ಇಲ್ಲಿಗೆ ಬರಬಹುದು. ಬೆಂಗಳೂರು–ಮೈಸೂರು ನಡುವಿನ ಹೊಸ ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು; ಅದು ಚನ್ನಪಟ್ಟಣ, ರಾಮನಗರಗಳನ್ನು ಬದಿಗೆ ಬಿಟ್ಟು ಸಾಗುತ್ತದೆ. ಆದ್ದರಿಂದ ಹಳೆಯ ರಸ್ತೆಯನ್ನೇ ಹಿಡಿಯಬೇಕು. ರೈಲಿನಲ್ಲಿ ಬರುವವರಿಗೆ ರಾಮನಗರ ನಿಲ್ದಾಣವಿದೆ.

ಹೆಬ್ಬಾಗಿಲು ದಾಟಿ ಒಳಗೆ ಬಂದರೆ ಲೋಕಮಾತಾ ಮಂದಿರ, ಲೋಕಮಹಲ್, ಆಯಗಾರರ ಮಾಳ, ಶಿಲ್ಪಮಾಳ ಹೀಗೆ ಒಂದೊಂದು ವಿಭಾಗಕ್ಕೂ ಒಂದೊಂದು ಹೆಸರು. ಲೋಕಮಾತಾ ಮಂದಿರದಲ್ಲಿರುವುದು ಮನೆವಾರ್ತೆಯ ಲೋಕ: ಬೀಸುವ, ಕುಟ್ಟುವ, ಅಳೆಯುವ, ತುಂಬಿಡುವ ಸಾಮಾನುಗಳು. ಇಲ್ಲಿ ವಿದ್ಯಾರ್ಥಿಗಳು ಹೆಸರು ಓದಿ ಮುಂದೆ ಸಾಗಿದರೆ ನಷ್ಟ ಅವರದೇ. ರಾಗಿಕಲ್ಲಿನ ಗೂಟ ನಡುವೆ ಇಲ್ಲ, ಅಂಚಿನಲ್ಲಿದೆ, ಏಕೆ? ತಿರುಗುವ ಬಿಂದುವಿನಿಂದ ದೂರದಲ್ಲಿ ಬಲ ಹಾಕಿದಷ್ಟೂ ಭಾರವಾದ ಕಲ್ಲು ಸುಲಭವಾಗಿ ತಿರುಗುತ್ತದೆ. ಅಜ್ಜಿಯ ಎಲೆಯಡಿಕೆ ಚೀಲದ ಅಡಕತ್ತರಿಯದೂ ಅದೇ ನಿಯಮ. ಕೀಲು ಒಂದು ತುದಿಗೆ, ಕೈ ಇನ್ನೊಂದು ತುದಿಗೆ, ಅಡಿಕೆ ನಡುವೆ. ಪಾಠಪುಸ್ತಕದ ಎರಡನೆಯ ದರ್ಜೆಯ ಸನ್ನೆ. ಇವನ್ನು ಮಾಡಿದ ಕಲ್ಲುಕುಟಿಗ, ಕಮ್ಮಾರರು ಸೂತ್ರವನ್ನು ಬರೆದಿಡಲಿಲ್ಲ, ಕೈಯಲ್ಲಿಟ್ಟುಕೊಂಡಿದ್ದರು.

ಲೋಕಮಹಲಿನಲ್ಲಿ ಮುಖವಾಡಗಳು, ವೇಷಭೂಷಣಗಳು, ಗೊಂಬೆಗಳು ಸಾಲುಗಟ್ಟಿವೆ. ತೊಗಲುಗೊಂಬೆಗಳ ಮುಂದೆ ಮಕ್ಕಳು ಸ್ವಲ್ಪ ಹೊತ್ತು ನಿಲ್ಲಬೇಕು. ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದಮಾಡಿ, ತೂತು ಕೊರೆದು, ಬಣ್ಣ ಹಾಕಿ ಮಾಡಿದ ಗೊಂಬೆಗಳಿವು. ಹಿಂದಿನಿಂದ ದೀಪ ಹಿಡಿದರೆ ಪರದೆಯ ಮೇಲೆ ಮೂಡುವುದು ಕಪ್ಪು ನೆರಳಲ್ಲ, ಬಣ್ಣದ ನೆರಳು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಸ್ಪಷ್ಟ. ದೀಪದ ಕಡೆಗೆ ಸರಿಸಿದರೆ ಆಕಾರ ದೊಡ್ಡದಾಗುತ್ತದೆ, ಮಸುಕಾಗುತ್ತದೆ. ರಾಮಾಯಣದ ಕಥೆ ಆಡಿಸುತ್ತಿದ್ದ ಕಲಾವಿದರು ಬೆಳಕಿನ ಪಾಠವನ್ನೂ ಬಲ್ಲವರಾಗಿದ್ದರು.

ಹಿಂದಿರುಗುವಾಗ ಅದೇ ರಸ್ತೆಯಲ್ಲಿ ಚನ್ನಪಟ್ಟಣ ಸಿಗುತ್ತದೆ. ಅರಗಿನ ಬಣ್ಣದ ಮರದ ಆಟಿಕೆಗಳಿಗೆ ಹೆಸರಾದ ಊರು. ಬಿಳುಪಾದ, ನಯವಾದ ಹಾಲೆ ಮರವನ್ನು ಒಣಗಿಸಿ ಚರಕಿಗೆ ಹಾಕಿ ಕಡೆಯುತ್ತಾರೆ. ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಇಲ್ಲಿ ಒಲೆಯೂ ಇಲ್ಲ, ಕುಂಚವೂ ಇಲ್ಲ. ಉಜ್ಜಾಟದಿಂದ ಹುಟ್ಟಿದ ಶಾಖಕ್ಕೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಒಣಗಿದ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಮರಗಳ ಕೊಂಬೆಯ ಮೇಲೆ ಬದುಕುವ ಒಂದು ಪುಟ್ಟ ಕೀಟ ಸ್ರವಿಸುವ ಅಂಟೇ ಈ ಅರಗು. ಹೀಗೆ ಒಂದು ಬುಗುರಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೌತಶಾಸ್ತ್ರ ಮೂರೂ ಸೇರಿವೆ. ಚಾಟಿ ಬೀಸಿ ಬಿಟ್ಟ ಬುಗುರಿ ಮೊಳೆಯ ಮೇಲೆ ನೆಟ್ಟಗೆ ನಿಲ್ಲುವುದು ಏಕೆ, ವೇಗ ತಗ್ಗಿದಾಗ ತಲೆದೂಗುವುದು ಏಕೆ ಎಂದು ಕೇಳಿದರೆ ಕಾಲೇಜಿನ ಪಾಠವಾದ ಕೋನೀಯ ಸಂವೇಗದವರೆಗೂ ಹೋಗಬಹುದು.

ಆದರೆ ಬುಗುರಿಯನ್ನು ಗಾಜಿನ ಹಿಂದೆ ಇಟ್ಟರೆ ಅದು ನಿಲ್ಲುವುದೂ ಇಲ್ಲ, ತಿರುಗುವುದೂ ಇಲ್ಲ. ಯಾವ ವಸ್ತುಸಂಗ್ರಹಾಲಯಕ್ಕೂ ಇದೇ ದೊಡ್ಡ ತೊಡಕು. ವಸ್ತು ಉಳಿಯುತ್ತದೆ, ಅದನ್ನು ಬಳಸುವ ಬಗೆ ಮರೆತುಹೋಗುತ್ತದೆ. ನಾಗೇಗೌಡರು ಇದನ್ನು ತಿಳಿದೇ ವಸ್ತುಗಳ ಜೊತೆಗೆ ಹಾಡುಗಳನ್ನೂ ಧ್ವನಿಮುದ್ರಿಸಿ ಇಡಿಸಿದರು. ಬೀಸುವ ಪದ ಗೊತ್ತಿಲ್ಲದೆ ಬೀಸುಕಲ್ಲು ಪೂರ್ತಿ ಅರ್ಥವಾಗದು.

ಅಳಿಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಹುಣಿಸೆಬೀಜ ಹಂಚಿ, ಮುಂದಿನ ಆಟವನ್ನು ಮನಸ್ಸಿನಲ್ಲೇ ಎಣಿಸುತ್ತಿದ್ದ ಅಜ್ಜಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರು ಇರುವತನಕ ಮಾತ್ರ ಆ ಮಣೆ ಮಾತನಾಡುತ್ತದೆ. ಆದ್ದರಿಂದ ತಂದೆತಾಯಿಗಳು ಮಕ್ಕಳನ್ನು ಜಾನಪದ ಲೋಕಕ್ಕೆ ಕರೆದೊಯ್ಯುವ ಮುನ್ನ ಒಮ್ಮೆ ತಮ್ಮದೇ ಅಟ್ಟ ಹತ್ತಿಸುವುದು ಒಳ್ಳೆಯದು. ಸಿಕ್ಕ ವಸ್ತುವಿನ ಹೆಸರು, ಮಾಡಿದವರು ಯಾರು, ಯಾವ ಮರದ್ದು, ಬಳಸುವುದು ಹೇಗೆ ಎಂದು ಹಿರಿಯರನ್ನು ಕೇಳಿ ಮಗು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಜೊತೆಗೊಂದು ಚಿತ್ರ ಬಿಡಿಸಲಿ. ಆಮೇಲೆ ರಾಮನಗರದಲ್ಲಿ ಅಂಥದೇ ವಸ್ತು ಕಂಡಾಗ, ‘ಇದು ನಮ್ಮನೆಯಲ್ಲೂ ಇದೆ’ ಎಂದು ಹೇಳಲು ಅದಕ್ಕೊಂದು ಕಾರಣ ಇರುತ್ತದೆ.