ಒಪ್ಪಿಗೆ

ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನಾದ್ದರಿಂದ ಒಪ್ಪಿಗೆ ಪತ್ರಗಳೊಡನೆ ನನಗೆ ಬಹಳ ದಿನದ ಒಡನಾಟವಿದೆ. ಡಿಸೆಂಬರು ಬಂತೆಂದರೆ ಶಾಲೆಯ ಪ್ರವಾಸ. ಪ್ರವಾಸವೆಂದರೆ ಪೋಷಕರ ಸಹಿ. ಎಲ್ಲಿಗೆ ಹೋಗುತ್ತೇವೆ, ಎಂದು ಹಿಂದಿರುಗುತ್ತೇವೆ, ಎಷ್ಟು ಹಣ ತರಬೇಕು, ಜೊತೆಯಲ್ಲಿ ಯಾವ ಉಪಾಧ್ಯಾಯರು ಬರುತ್ತಾರೆ ಎಂಬುದನ್ನೆಲ್ಲ ಒಂದೇ ಹಾಳೆಯಲ್ಲಿ ತಿಳಿಯಾಗಿ ಬರೆದು ಕೊಡುತ್ತಿದ್ದೆವು. ಕೆಲವರು ಸಹಿ ಹಾಕುತ್ತಿದ್ದರು, ಕೆಲವರು ಹಾಕುತ್ತಿರಲಿಲ್ಲ. ಓದು ಬಾರದ ತಾಯಿಯೊಬ್ಬರು ಒಮ್ಮೆ ಶಾಲೆಗೇ ಬಂದು, ಕಾಗದವನ್ನು ಎರಡು ಸಲ ಓದಿಸಿ ಕೇಳಿ, "ಮಕ್ಕಳನ್ನ ಹೊಳೆಗೆ ಇಳಿಸಲ್ಲ ಅಂತ ಇದರಲ್ಲೇ ಬರೀರಿ ಮೇಷ್ಟ್ರೇ" ಎಂದು ಬರೆಸಿ, ಆಮೇಲೆಯೇ ಹೆಬ್ಬೆಟ್ಟು ಒತ್ತಿದರು. ಒಪ್ಪಿಗೆಯೆಂದರೆ ಏನೆಂಬುದು ಪದವೀಧರರಾದ ಹಲವರಿಗಿಂತ ಆಕೆಗೆ ಚೆನ್ನಾಗಿ ತಿಳಿದಿತ್ತು.

ಇಂದು ನಮ್ಮ ಕೈಯಲ್ಲಿರುವ ಮೊಬೈಲು ಫೋನೂ ಒಪ್ಪಿಗೆ ಕೇಳುತ್ತದೆ. ಒಂದು ಸಲವಲ್ಲ, ದಿನಕ್ಕೆ ಹತ್ತು ಸಲ. ಕೇಳುವ ಬಗೆ ಮಾತ್ರ ಬೇರೆ. ಹಲವು ಪುಟಗಳ ಇಂಗ್ಲಿಷು ಬರಹ, ಇರುವೆ ಸಾಲಿನಂಥ ಅಕ್ಷರ, ಅದರ ಕೆಳಗೆ ದೊಡ್ಡದಾಗಿ, ಬಣ್ಣ ಬಳಿದುಕೊಂಡು ನಿಂತ 'ಒಪ್ಪಿದ್ದೇನೆ' ಎಂಬ ಗುಂಡಿ. ಒಪ್ಪದವರಿಗೂ ಒಂದು ದಾರಿ ಇರಬಹುದು. ಆದರೆ ಅದನ್ನು ಹುಡುಕಲು ಕನ್ನಡಕ ಬದಲಿಸಬೇಕು.

ಕಳೆದ ಯುಗಾದಿಯ ಸಮಯದಲ್ಲಿ ಪಂಚಾಂಗದ ಆ್ಯಪೊಂದನ್ನು ಫೋನಿಗೆ ಹಾಕಿಕೊಂಡೆ. ಮೊದಲು ಅದು ನಾನಿರುವ ಸ್ಥಳವನ್ನು ಕೇಳಿತು. ನ್ಯಾಯವೇ ಸರಿ. ಕೋಲಾರದಲ್ಲಿ ಸೂರ್ಯ ಮೂಡಿದ ಸುಮಾರು ಕಾಲು ಗಂಟೆಯ ಮೇಲೆ ಕಾರವಾರದಲ್ಲಿ ಮೂಡುತ್ತಾನೆ. ಊರು ತಿಳಿಯದೆ ರಾಹುಕಾಲವನ್ನು ಹೇಳುವುದು ಹೇಗೆ? ಒಪ್ಪಿದೆ. ಎರಡನೆಯದಾಗಿ, ನನ್ನ ಫೋನಿನಲ್ಲಿರುವ ಹೆಸರು, ನಂಬರುಗಳ ಪಟ್ಟಿಯನ್ನೆಲ್ಲ ಓದಲು ಅಪ್ಪಣೆ ಬೇಡಿತು. ನಮ್ಮ ಮನೆಗೆ ಹಾಲು ಹಾಕುವವನ ನಂಬರಿಗೂ ಏಕಾದಶಿಗೂ ಏನು ಸಂಬಂಧ? 'ಬೇಡ' ಎಂದು ಒತ್ತಿದೆ. 'ಹಾಗಾದರೆ ಪಂಚಾಂಗವೂ ಇಲ್ಲ' ಎಂಬಂತೆ ಅದು ಮುಚ್ಚಿಕೊಂಡಿತು. ನಾನೂ ಅದನ್ನು ಅಳಿಸಿಹಾಕಿ ಗೋಡೆಯ ಕ್ಯಾಲೆಂಡರಿನ ಕಡೆಗೆ ತಿರುಗಿದೆ. ಪಾಪ, ಅದು ಒಂದು ಮೊಳೆಯನ್ನಲ್ಲದೆ ನನ್ನಿಂದ ಇನ್ನೇನನ್ನೂ ಕೇಳಿಲ್ಲ.

ಇಷ್ಟಾದರೂ ಇದು ಸುಧಾರಿಸಿದ ಸ್ಥಿತಿ. ಮೊದಲಿನ ಆಂಡ್ರಾಯ್ಡ್ ಫೋನುಗಳಲ್ಲಿ ಈ ಬೇಡಿಕೆಗಳೆಲ್ಲ ಒಂದೇ ಗಂಟಾಗಿ ಬರುತ್ತಿದ್ದವು. ಎಲ್ಲಕ್ಕೂ ಒಪ್ಪು, ಇಲ್ಲವೆ ಆ್ಯಪನ್ನೇ ಬಿಡು! ಒಂದೊಂದನ್ನೂ ಬೇರೆಬೇರೆಯಾಗಿ ಕೇಳುವ ಪದ್ಧತಿ 2015ರಲ್ಲಿ, ಅದರ ಆರನೆಯ ಆವೃತ್ತಿಯೊಡನೆ ಬಂದಿತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇಂಥ ಆ್ಯಪುಗಳನ್ನು ಮಾಡುವ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಊರಿಗೆ ಬಂದಾಗ ನೋಡಲು ಬಂದಿದ್ದ. "ಏನಪ್ಪಾ, ಪಂಚಾಂಗ ನೋಡುವುದಕ್ಕೆ ನಮ್ಮ ನೆಂಟರಿಷ್ಟರ ನಂಬರುಗಳೆಲ್ಲ ನಿಮಗೆ ಯಾಕೆ?" ಎಂದು ಕೇಳಿದೆ. ಅವನು ನಕ್ಕು, "ಈಗ ಏನಕ್ಕೂ ಬೇಡ ಸಾರ್. ಮುಂದೆ ಬೇಕಾದರೂ ಬೇಕಾಗಬಹುದು ಅಂತ ತೆಗೆದಿಟ್ಟುಕೊಳ್ಳುತ್ತಾರೆ. ಬೇಡ ಅಂತ ನಾನು ಒಂದು ಸಲ ಹೇಳಿ ನೋಡಿದೆ. ಜನ ಕೊಡುತ್ತಿರುವಾಗ ನಿನಗೇನು ಕಷ್ಟ ಅಂದರು" ಎಂದ. ಹೇಳುವಾಗ ಅವನ ನಗೆ ಅಷ್ಟು ಗಟ್ಟಿಯಾಗಿರಲಿಲ್ಲ.

ಜನ ಕೊಡುತ್ತಿದ್ದಾರೆ, ನಿಜ. ಆದರೆ ಕೊಡುತ್ತಿರುವುದು ಯಾರ ಸೊತ್ತನ್ನು? ನನ್ನ ಫೋನಿನಲ್ಲಿ ನಾಲ್ಕುನೂರಕ್ಕೂ ಮೇಲ್ಪಟ್ಟು ಹೆಸರುಗಳಿವೆ. ಅವುಗಳಲ್ಲಿ ನನ್ನದು ಒಂದೂ ಇಲ್ಲ! ಎಲ್ಲವೂ ಬೇರೆಯವರು ನನ್ನನ್ನು ನಂಬಿ ಕೊಟ್ಟವು. ಅವರಲ್ಲಿ ಒಬ್ಬಾಕೆ ನನ್ನ ಹಿಂದಿನ ವಿದ್ಯಾರ್ಥಿನಿ. ಬಾಳಲಾಗದ ಮನೆಯೊಂದರಿಂದ ಹೊರಬಂದು, ಊರನ್ನೂ ನಂಬರನ್ನೂ ಬದಲಾಯಿಸಿ, ತನ್ನ ದುಡಿಮೆಯಲ್ಲಿ ಬದುಕುತ್ತಿದ್ದಾಳೆ. ಹೊಸ ನಂಬರನ್ನು ನಾಲ್ಕೈದು ಮಂದಿಗೆ ಮಾತ್ರ ಕೊಟ್ಟಿದ್ದಾಳೆ. ಹೀಗೆ ಸಿಕ್ಕಿದ ಪಟ್ಟಿಗಳನ್ನು ಒಂದರೊಡನೊಂದು ಹೋಲಿಸಿ, 'ಇವರು ನಿಮಗೆ ಪರಿಚಿತರಿರಬಹುದು' ಎಂದು ಹೆಸರುಗಳನ್ನು ತೋರಿಸುವ ಆ್ಯಪುಗಳುಂಟು. ಯಾರ ಕಣ್ಣಿಗೆ ತಾನು ಬೀಳಬಾರದೆಂದು ಆಕೆ ಇಷ್ಟು ಪಾಡುಪಟ್ಟಳೋ ಅವರಿಗೇ ಆಕೆಯ ಹೆಸರು ಕಾಣಿಸಿದರೆ? ಆ ಗುಂಡಿಯನ್ನು ಒತ್ತುವ ಬೆರಳು ನನ್ನದು. ಬೆಲೆ ತೆರುವವಳು ಆಕೆ. ಆಕೆಯ ಒಪ್ಪಿಗೆಯನ್ನು ಕೇಳಿದವರಾರು?

ಬೆಳಗಿನ ವಾಯುಸಂಚಾರದ ನನ್ನ ಗೆಳೆಯರಿಗೆ ಇದೆಲ್ಲ ಅತಿಯೆನಿಸುತ್ತದೆ. "ಮುಚ್ಚಿಡುವಂಥದ್ದು ನಮ್ಮಲ್ಲಿ ಏನಿದೆ ಸ್ವಾಮಿ? ಹಳ್ಳಿಯಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂಬುದು ಇಡೀ ಕೇರಿಗೆ ಗೊತ್ತಿರುತ್ತಿತ್ತಲ್ಲ!" ಎನ್ನುತ್ತಾರೆ. ಗೊತ್ತಿರುತ್ತಿತ್ತು, ಒಪ್ಪುತ್ತೇನೆ. ಆದರೆ ನಮ್ಮ ಮನೆಯ ಸಾರು ಕೇರಿಗೆ ಗೊತ್ತಿದ್ದಂತೆ ಕೇರಿಯವರ ಸಾರೂ ನಮಗೆ ಗೊತ್ತಿತ್ತು. ಈಗ ನನ್ನನ್ನು ಬಲ್ಲ ಕಂಪನಿಯ ಮುಖವನ್ನು ನಾನು ಕಂಡಿಲ್ಲ. ಅದು ಯಾವ ಊರಿನಲ್ಲಿದೆಯೆಂಬುದೂ ತಿಳಿಯದು. ಅಲ್ಲದೆ ಹಳ್ಳಿಯ ಹಿರಿಯರು ಇನ್ನೊಬ್ಬರ ಮನೆಯ ಹೊಸ್ತಿಲು ದಾಟುವ ಮುನ್ನ ಒಮ್ಮೆ ಕೆಮ್ಮುತ್ತಿದ್ದರು. ಓದು ಬಾರದವರ ಕಾಗದಗಳನ್ನು ಓದಿ ಹೇಳುತ್ತಿದ್ದ ನಮ್ಮೂರ ಅಂಚೆಯವರು ಎಷ್ಟೋ ಮನೆಗಳ ಸುಖದುಃಖಗಳನ್ನು ತಿಳಿದಿದ್ದರೂ ಕಟ್ಟೆಯ ಮೇಲೆ ಬಾಯಿ ಬಿಡುತ್ತಿರಲಿಲ್ಲ.

ಖಾಸಗಿತನವು ಮನುಷ್ಯನ ಹಕ್ಕೆ, ಬರಿಯ ಮರ್ಯಾದೆಯೆ ಎಂಬ ಪ್ರಶ್ನೆಯನ್ನು ನಮ್ಮ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ತಂದವರು ಒಬ್ಬ ಕನ್ನಡಿಗರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 1926ರಲ್ಲಿ ಹುಟ್ಟಿದವರು. ಆಧಾರ್ ಯೋಜನೆಯಲ್ಲಿ ಜನರ ಬೆರಳಚ್ಚನ್ನೂ ಕಣ್ಪಾಪೆಯ ಗುರುತನ್ನೂ ಸಂಗ್ರಹಿಸುತ್ತಿದ್ದರೂ ಅದಕ್ಕೆ ಸಂಸತ್ತು ಮಾಡಿದ ಕಾನೂನಿನ ಆಧಾರ ಆಗ ಇರಲಿಲ್ಲ. ಇದು ಸರಿಯೆ ಎಂದು ಅವರು 2012ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆಗ ಅವರ ವಯಸ್ಸು 86! ನನ್ನ ವಯಸ್ಸಿನಲ್ಲಿಯೇ 'ಇನ್ನು ನಮ್ಮದೇನಿದೆ' ಎನ್ನುವವರನ್ನು ಕಂಡು ಬೇಸತ್ತ ನನಗೆ ಈ ಸಂಗತಿ ಬಹಳ ಹಿತವೆನಿಸಿತು. ಖಾಸಗಿತನ ಮೂಲಭೂತ ಹಕ್ಕಲ್ಲವೆಂದು ವಾದಿಸಿದ ಸರ್ಕಾರ 1954 ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು ಮುಂದಿಟ್ಟಿತು. ಅವುಗಳಲ್ಲಿ ಮೊದಲನೆಯದನ್ನು ಎಂಟು ನ್ಯಾಯಮೂರ್ತಿಗಳ ಪೀಠ ಕೊಟ್ಟಿದ್ದುದರಿಂದ ಅದನ್ನು ಮೀರಲು ಒಂಬತ್ತು ಮಂದಿ ಕೂಡಬೇಕಾಯಿತು. 2017ರ ಆಗಸ್ಟ್ 24ರಂದು ಆ ಒಂಬತ್ತು ಮಂದಿಯೂ ಒಮ್ಮತದಿಂದ, ಖಾಸಗಿತನವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ಸಾರಿದರು. ಮರುವರ್ಷ ಇನ್ನೊಂದು ಪೀಠ ಆಧಾರನ್ನು ಬಹುಮಟ್ಟಿಗೆ ಎತ್ತಿಹಿಡಿದರೂ, ಬ್ಯಾಂಕು ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯವಾಗಿ ಜೋಡಿಸುವುದನ್ನು ತಳ್ಳಿಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

2023ರಲ್ಲಿ ಸಂಸತ್ತು ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಒಂದು ಅಧಿನಿಯಮವನ್ನು ಅಂಗೀಕರಿಸಿತು. ಒಪ್ಪಿಗೆಯನ್ನು ತಿಳಿಯಾದ ಮಾತಿನಲ್ಲಿ ಕೇಳಬೇಕು. ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಒಂದರಲ್ಲಾಗಲಿ ಓದಿಕೊಳ್ಳುವ ಅವಕಾಶವಿರಬೇಕು ಎನ್ನುತ್ತದೆ ಅದು. ನಮ್ಮ ಕನ್ನಡವೂ ಅವುಗಳಲ್ಲಿ ಸೇರಿದೆ. ಹದಿನೆಂಟು ತುಂಬದ ನಿಮ್ಮಂಥವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆ ಬೇಕೆಂದೂ ಹೇಳುತ್ತದೆ. ಅದರಲ್ಲಿ ಕೊಟ್ಟಿರುವ ಉದಾಹರಣೆಯೊಂದನ್ನು ಓದಿ ನನಗೆ ಸೋಜಿಗವಾಯಿತು. ಫೋನಿನ ಮೂಲಕ ವೈದ್ಯರ ಸಲಹೆ ಕೊಡಿಸುವ ಆ್ಯಪೊಂದು ನಂಬರುಗಳ ಪಟ್ಟಿಯನ್ನೂ ಕೇಳಿತು, ರೋಗಿ ಎರಡಕ್ಕೂ ಒಪ್ಪಿದಳು ಎಂದಿಟ್ಟುಕೊಳ್ಳಿ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಆ ಒಪ್ಪಿಗೆ ಸಲ್ಲದು! ನನ್ನ ಪಂಚಾಂಗದ ಜಗಳವನ್ನೇ ಯಾರೋ ದೆಹಲಿಯಲ್ಲಿ ಕುಳಿತು ಮುಂದಾಗಿಯೇ ಬರೆದಿಟ್ಟಂತಿತ್ತು. ಅಧಿನಿಯಮದಲ್ಲಿ ಕೊರತೆಗಳಿಲ್ಲವೆಂದಲ್ಲ. ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಸರ್ಕಾರ ಬಾಗಿಲನ್ನು ಅಗಲವಾಗಿಯೇ ತೆರೆದಿಟ್ಟುಕೊಂಡಿದೆ. ನಿಯಮಗಳು ಹೊರಬೀಳಲು 2025ರ ನವೆಂಬರು ಬರಬೇಕಾಯಿತು. ಒಪ್ಪಿಗೆಯ ಕಟ್ಟಳೆಗಳಿಗೆ ಅಲ್ಲಿಂದ ಮುಂದೆ 18 ತಿಂಗಳ ಗಡುವು.

ಈಚೆಗೆ ಚಪ್ಪಲಿ ಕೊಳ್ಳಲು ಪೇಟೆಗೆ ಹೋಗಿದ್ದೆ. ಹಣವನ್ನು ಕೈಯಲ್ಲಿ ಹಿಡಿದು ನಿಂತ ನನ್ನನ್ನು ಗಲ್ಲಾದಲ್ಲಿದ್ದ ಹುಡುಗಿ, "ಮೊಬೈಲ್ ನಂಬರ್ ಹೇಳಿ ಸರ್" ಎಂದಳು.

"ಚಪ್ಪಲಿಗೆ ನಂಬರು ಯಾಕಮ್ಮಾ?"

"ಹಾಕದಿದ್ದರೆ ಬಿಲ್ ಮುಂದಕ್ಕೇ ಹೋಗಲ್ಲ ಸರ್."

ಗ್ರಾಹಕರ ನಂಬರಿಗಾಗಿ ಅಂಗಡಿಗಳು ಒತ್ತಾಯ ಮಾಡಕೂಡದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲಿಯೇ ತಿಳಿಸಿದೆಯೆಂದು ಅವಳಿಗೆ ಹೇಳಿದೆ. ಅವಳು ಒಮ್ಮೆ ಹಿಂದೆ ತಿರುಗಿ ನೋಡಿ ದನಿ ತಗ್ಗಿಸಿದಳು. "ದಿನಕ್ಕೆ ಇಷ್ಟು ನಂಬರ್ ಸೇರಿಸಬೇಕು ಅಂತ ಇದೆ ಸರ್. ಕಡಿಮೆಯಾದರೆ ಸಂಜೆ ನನ್ನನ್ನೇ ಕೇಳುತ್ತಾರೆ."

ನನ್ನ ಮೊಮ್ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು. ಬೆಳಗಿನಿಂದ ನಿಂತೇ ಇದ್ದಳೆಂದು ಕಾಣುತ್ತದೆ; ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಹಾಕುತ್ತಿದ್ದಳು. ನನಗೆ ಮರುಕವಾಯಿತು. ನಂಬರನ್ನು ಮಾತ್ರ ಹೇಳಲಿಲ್ಲ. ಹಿಂದಿನವರು ಗೊಣಗಲು ತೊಡಗಿದ್ದರು. ಹುಡುಗಿ ಯೋಚಿಸಿ, ಒಂದೇ ಗುಂಡಿಯನ್ನು ಟಕಟಕನೆ ಒತ್ತಿದಳು. ಬಿಲ್ಲು ಹೊರಬಂತು. ಗ್ರಾಹಕರ ನಂಬರು ಎಂಬಲ್ಲಿ ಹತ್ತು ಒಂಬತ್ತುಗಳು ಸಾಲಾಗಿ ನಿಂತಿದ್ದವು.