ಟರ್ಬೊ ಉಳಿಯಬೇಕಾದರೆ ಎಣ್ಣೆಯ ಪೈಪು ನೋಡಿ

ಗಾಡಿ ರಿಪೇರಿ ಗಂಡಸರ ವಿಷಯ, ನಮಗೇಕೆ ಅದರ ಗೊಡವೆ ಎಂದು ನಿಮ್ಮಲ್ಲಿ ಅನೇಕರಿಗೆ ಅನಿಸಬಹುದು. ಆದರೆ ರಿಪೇರಿಯ ಹಣ ಹೋಗುವುದು ಮನೆಯ ಗಂಟಿನಿಂದಲೇ ಅಲ್ಲವೇ? ಮಕ್ಕಳ ಫೀಸು, ಚೀಟಿಯ ಕಂತು, ಹಬ್ಬದ ಬಟ್ಟೆ ಎಲ್ಲವೂ ಅದರಲ್ಲೇ ಆಗಬೇಕು. ಆದ್ದರಿಂದ ಸಹೋದರಿಯರೇ, ಈ ವಿಷಯವನ್ನು ನೀವೂ ತಿಳಿದಿರುವುದು ಒಳ್ಳೆಯದು.

ನಮ್ಮದು ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ. ಮನೆಯವರು ಬಾಡಿಗೆಗೆ ಓಡಿಸುವ ಡೀಸೆಲ್ ಕಾರೇ ನಮ್ಮ ಜೀವನಾಧಾರ. ರಾತ್ರಿ ಹೊತ್ತಿನಲ್ಲಿ ಹೆರಿಗೆ ನೋವು ಬಂದವರನ್ನು ರಾಣೆಬೆನ್ನೂರಿಗೆ, ಕೆಲವೊಮ್ಮೆ ದಾವಣಗೆರೆಗೆ ಮುಟ್ಟಿಸುವುದೂ ಅದೇ ಕಾರು. ಕಳೆದ ವರ್ಷ ಅದರ ಟರ್ಬೊ ಕೆಟ್ಟಿತು. ನೀಲಿ ಹೊಗೆ, ಸಿಳ್ಳೆಯಂಥ ಶಬ್ದ, ಏರಿನಲ್ಲಿ ಎಳೆತವೇ ಇಲ್ಲ. 28 ಸಾವಿರ ಕೊಟ್ಟು ಬೇರೆ ಟರ್ಬೊ ಹಾಕಿಸಿದರು. ಎರಡೇ ತಿಂಗಳಲ್ಲಿ ಮತ್ತದೇ ಶಬ್ದ! ಈ ಸಲ ಬಿಚ್ಚಿದ ಹಿರಿಯ ಮಿಸ್ತ್ರಿಯೊಬ್ಬರು ಹಳೆಯ ಎಣ್ಣೆ ಪೈಪನ್ನು ನನ್ನ ಮುಂದಿಟ್ಟು, "ಇದರಲ್ಲಿ ತಂತಿ ತೂರಿಸಿ ನೋಡು ಬೇಟಿ" ಎಂದರು. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಪೈಪಿನಲ್ಲಿ ಸಣ್ಣ ತಂತಿಯೂ ಸಲೀಸಾಗಿ ಹೋಗಲಿಲ್ಲ. ಮೊದಲಿನ ಗ್ಯಾರೇಜಿನವರು ಟರ್ಬೊ ಮಾತ್ರ ಬದಲಿಸಿ, ಪೈಪನ್ನು ಹಾಗೆಯೇ ಬಿಟ್ಟಿದ್ದರು.

ಟರ್ಬೊ ಎಂದರೆ ಇಂಜಿನ್ನಿನ ಬಿಸಿ ಹೊಗೆಯ ರಭಸಕ್ಕೆ ತಿರುಗಿ, ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಪುಟ್ಟ ಯಂತ್ರ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಾರಿನ ಟರ್ಬೊ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲದು. ಅದರ ಅಚ್ಚು ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಿರುತ್ತದೆ. ಎಣ್ಣೆ ಕೆಲವು ಕ್ಷಣ ತಪ್ಪಿದರೂ ಲೋಹಕ್ಕೆ ಲೋಹ ಉಜ್ಜಿ ಸವೆಯುತ್ತದೆ.

ಎಣ್ಣೆಗೆ ಎರಡು ಪೈಪುಗಳು. ತೆಳ್ಳಗಿನದು ಒತ್ತಡದಲ್ಲಿ ಎಣ್ಣೆ ತರುತ್ತದೆ. ದಪ್ಪನೆಯದರಲ್ಲಿ ಎಣ್ಣೆ ತನ್ನ ಭಾರದಿಂದಲೇ ಕೆಳಗಿಳಿದು ಇಂಜಿನ್ನಿಗೆ ಮರಳುತ್ತದೆ. ಒಲೆಯ ಮೇಲೆ ಮರೆತ ಬಾಣಲೆಯ ಎಣ್ಣೆ ಕರಕಲಾಗಿ ಅಂಟುವುದನ್ನು ನಾವೆಲ್ಲ ಕಂಡಿದ್ದೇವೆ. ಕಾದ ಇಂಜಿನ್ನನ್ನು ತಟ್ಟನೆ ನಿಲ್ಲಿಸಿದಾಗ, ಆಯಿಲ್ ಬದಲಿಸದೆ ತಿಂಗಳುಗಟ್ಟಲೆ ಓಡಿಸಿದಾಗ ಪೈಪಿನೊಳಗೂ ಅದೇ ಆಗುತ್ತದೆ.

ಹಾಗಾದರೆ ಎಂಥ ಪೈಪು ತರಬೇಕು? ಅಂಗಡಿಯಲ್ಲಿ 300 ರೂಪಾಯಿಯ ರಬ್ಬರ್ ಪೈಪೂ ಸಿಗುತ್ತದೆ. ಆದರೆ ಸಾಮಾನ್ಯ ರಬ್ಬರು ಬಿಸಿ ಎಣ್ಣೆಗೆ ಉಬ್ಬಿ, ಒಳಗೆ ಪದರ ಬಿಟ್ಟು ದಾರಿ ಮುಚ್ಚುತ್ತದೆ. ಬರೀ ಸಿಲಿಕೋನ್ ಪೈಪು ಗಾಳಿಗೆ ಸರಿ, ಎಣ್ಣೆಗಲ್ಲ. ತಾಮ್ರದ ಪೈಪು ಇಂಜಿನ್ನಿನ ನಡುಕಕ್ಕೆ ಬಿರುಕು ಬಿಡಬಹುದು. ಗುಜರಿಯ ಪೈಪಿನೊಳಗೆ ಏನಿದೆಯೋ ಯಾರಿಗೆ ಗೊತ್ತು? ಆ ಮಾಡೆಲ್ಲಿಗೇ ಕಂಪನಿ ಮಾಡಿದ ಸ್ಟೀಲ್ ಪೈಪೇ ಉತ್ತಮ. ಅದು ಸಿಗದಿದ್ದರೆ ಒಳಗೆ ಟೆಫ್ಲಾನ್, ಹೊರಗೆ ಸ್ಟೀಲ್ ತಂತಿಯ ಹೆಣಿಗೆ ಇರುವುದನ್ನು ಅಳತೆ ನೋಡಿ ತರಬಹುದು. ಎಣ್ಣೆ ಮರಳುವ ಪೈಪು ಎಲ್ಲಿಯೂ ಮೇಲೇಳದೆ, ಮಡಚದೆ ಇಳಿಜಾರಾಗಿಯೇ ಇರಬೇಕು. ನಮಗೆ ಎರಡೂ ಪೈಪು ಮತ್ತು ವಾಷರುಗಳಿಗೆ ತಗಲಿದ್ದು 3,200 ರೂಪಾಯಿ. ಇದು ಮೊದಲೇ ಆಗಿದ್ದರೆ ಎರಡನೆಯ ಟರ್ಬೊದ ಖರ್ಚೇ ಬರುತ್ತಿರಲಿಲ್ಲ.

ಜೋಡಿಸುವಾಗಲೂ ಗಮನವಿರಲಿ. ತಾಮ್ರದ ವಾಷರುಗಳು ಹೊಸದಾಗಿರಬೇಕು. ಎಣ್ಣೆಯ ದಾರಿಗೆ ಗ್ಯಾಸ್ಕೆಟ್ ಪೇಸ್ಟ್ ಬಳಿಯಬಾರದು, ಅದರ ಚೂರು ಕಳಚಿ ರಂಧ್ರ ಮುಚ್ಚಬಹುದು. ಆಯಿಲ್, ಫಿಲ್ಟರ್ ಜೊತೆಗೇ ಬದಲಾಗಲಿ. ಇಂಜಿನ್ ಚಾಲೂ ಮಾಡುವ ಮುನ್ನ ಟರ್ಬೊದೊಳಗೆ ಸ್ವಲ್ಪ ಶುದ್ಧ ಆಯಿಲ್ ಹಾಕಬೇಕು. ದೂರ ಓಡಿ ಬಂದ ಮೇಲೆ ಗಾಡಿಯನ್ನು ಒಂದೆರಡು ನಿಮಿಷ ನಿಧಾನಕ್ಕೆ ಚಾಲೂ ಇಟ್ಟು ಆಮೇಲೆ ನಿಲ್ಲಿಸಿದರೆ ಪೈಪು ಕರಕಲಾಗುವುದು ಕಡಿಮೆ.

ನಿಮ್ಮ ಮನೆಯಲ್ಲೂ ಟರ್ಬೊ ಬದಲಿಸುವ ಮಾತು ಬಂದರೆ ಮೊದಲು ಒಂದೇ ಪ್ರಶ್ನೆ ಕೇಳಿ: "ಪೈಪು ಹೊಸದೋ, ಹಳೆಯದೋ?" ಹಳೆಯದಾದರೆ ತಂತಿ ತೂರಿಸಿ ನೋಡಿದ ಮೇಲೆಯೇ ಹಣ ಎಣಿಸಿ.